ಗೌರಿ ಮೊದಲು ಹೊಕ್ಕ ಮನೆ

ಮುರಳೀಕೃಷ್ಣನ ಗ್ರಹಚಾರ ಕೆಟ್ಟದ್ದು ಒಂದು ಪ್ಲೇಟು ಚೌಚೌಭಾತಿನಿಂದ.

ಭಾನುವಾರ ಬೆಳಗ್ಗೆ ಸುಮುಖ ಲೇಔಟಿನ ನಿವಾಸಿಗಳ ಸಂಘದ ತುರ್ತು ಸಭೆ. ಅಂಥ ಸಭೆಗೆ ಬಾಡಿಗೆಯವರನ್ನು ಕರೆಯುವ ಪದ್ಧತಿ ಇಲ್ಲ. ಆದರೆ ಪಾರ್ಕಿನ ಶಾಮಿಯಾನದ ಕಡೆಯಿಂದ ತುಪ್ಪದ ಘಮ ಬಂದರೆ, ಮೂಗು ಸ್ವಂತ ಮನೆಯದೋ ಬಾಡಿಗೆ ಮನೆಯದೋ ಅಂತ ಕೇಳಿಕೊಂಡು ಬರುತ್ತದೆಯೇ? "ಹೋಗ್ಬೇಡ್ರೀ, ಓನರ್‌ಗಳ ಸಹವಾಸ ನಮಗ್ಯಾಕೆ?" ಅಂತ ಹೆಂಡತಿ ರಾಗಿಣಿ ಹೇಳಿಯೇ ಹೇಳಿದಳು. "ಬರೀ ತಿಂದು ಬಂದ್ಬಿಡ್ತೀನಿ ಕಣೇ" ಅಂತ ಈ ಮಹಾನುಭಾವ ಹೊರಟ. ತಿಂದ. ಬರೋದಕ್ಕೆ ಮಾತ್ರ ಆಗಲಿಲ್ಲ.

ಸಭೆಯಲ್ಲಿ ಆಗಲೇ ಜಗಳ ಹತ್ತಿಕೊಂಡಿತ್ತು. ಅವತ್ತು ಸಾಯಂಕಾಲ ಲೇಔಟಿಗೆ ನಲವತ್ತು ತುಂಬಿದ ಸಮಾರಂಭ. ಪಾರ್ಕಿನ ಗೇಟಿನ ಪಕ್ಕ ದೊಡ್ಡ ಗ್ರಾನೈಟ್ ಕಲ್ಲು ನಿಲ್ಲಿಸಿ, 'ಈ ಬಡಾವಣೆಯ ಮೊದಲ ಗೃಹಪ್ರವೇಶ' ಅಂತ ಕೆತ್ತಿಸಿ ಆಗಿತ್ತು. ಯಾರ ಮನೆಯದು ಅನ್ನುವ ಜಾಗ ಮಾತ್ರ ಖಾಲಿ. ಕಲ್ಲು ಕೆತ್ತುವ ಮುನಿರಾಮಯ್ಯ ಉಳಿ ಸುತ್ತಿಗೆ ಮುಂದಿಟ್ಟುಕೊಂಡು ಕಲ್ಲಿನ ಬುಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ.

"ನಮ್ಮ ಮನೀದ ಮೊದಲು!" ಅಂತ ಶಂಭುಲಿಂಗಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ದಾವಣಗೆರೆ ಕಡೆಯವರು, ಅಕ್ಕಿ ವ್ಯಾಪಾರ ಮಾಡಿ ಸಾಕಾಗಿ ಬಿಟ್ಟವರು. ಮುರಳಿ ಇರುವುದು ಅವರ ಮನೆಯ ಮಹಡಿಯಲ್ಲೇ.

"ಸುಳ್ಳು! ಶುದ್ಧ ಸುಳ್ಳು! ಮೊದಲು ಹಾಲುಕ್ಕಿಸಿದ್ದು ನಾವು" ಅಂತ ಎದುರುಗಡೆಯಿಂದ ಗೋಪೀನಾಥರಾಯರು ಊರುಗೋಲು ಎತ್ತಿದ್ದರು. ಮೇಷ್ಟ್ರಾಗಿದ್ದವರು. ಕೋಲು ಎತ್ತಿದರೆ ಇವತ್ತಿಗೂ ನಾಲ್ಕು ಜನ ಕೈ ಕಟ್ಟಿಕೊಳ್ಳುತ್ತಾರೆ.

ದಾಖಲೆ ನೋಡೋಣ ಅಂದರೆ ಸೊಸೈಟಿಯ ಹಳೇ ಕಾಗದಗಳನ್ನೆಲ್ಲ ಗೆದ್ದಲು ಯಾವತ್ತೋ ತಿಂದು ತೇಗಿತ್ತು. ಹಾಗಾಗಿ ಯಾರಾದರೂ ಒಬ್ಬ ಪಕ್ಷಪಾತವಿಲ್ಲದ ಮನುಷ್ಯ ವಿಚಾರಿಸಿ, ಸಾಯಂಕಾಲದೊಳಗೆ ಹೆಸರು ಹೇಳಬೇಕು ಅಂತ ಆಯಿತು. ಅಂಥವನು ಈ ಲೇಔಟಿನಲ್ಲಿ ಎಲ್ಲಿ ಸಿಗಬೇಕು? ಎಲ್ಲರೂ ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದಾಗ ಸಂಘದ ಅಧ್ಯಕ್ಷೆ ಕಲ್ಯಾಣಮ್ಮನವರ ಕಣ್ಣು ಹಿಂದಿನ ಸಾಲಿನಲ್ಲಿ ಕೇಸರಿಭಾತಿನ ಕೊನೇ ಚಮಚ ನೆಕ್ಕುತ್ತಿದ್ದ ಮುರಳಿಯ ಮೇಲೆ ಬಿತ್ತು.

"ನೀವು ಬಾಡಿಗೆಯೋರಲ್ವಾ?"

ಚೌಚೌಭಾತಿನ ವಿಷಯ ಬಯಲಾಯಿತು ಅಂತ ಮುರಳಿ ಎದ್ದು ನಿಂತ. "ಹೌದು ಮೇಡಂ. ಈಗ ಹೊರಟೆ ಮೇಡಂ."

"ಹೋಗ್ಬೇಡಿ. ಇವರೇ ಸರಿ ಕಣ್ರೀ! ಇವರಿಗೆ ಈ ಲೇಔಟಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಸ್ವಂತ ಮನೆ ಇಲ್ಲದೋರಿಗೆ ಯಾರ ಮೇಲೆ ಪಕ್ಷಪಾತ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಬಡತನಕ್ಕೆ ಅಷ್ಟು ಜೋರಾಗಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಪಾಪ, ಅವನಿಗೂ ಈ ಮನೆಗೂ ಇದ್ದ ನಂಟು ಅವರಿಗೇನು ಗೊತ್ತು? ಮದುವೆಯಾದ ಮೇಲೆ ಇದು ಅವನ ನಾಲ್ಕನೇ ಬಾಡಿಗೆ ಮನೆ. ದೀಪಾಂಜಲಿ ನಗರದ ಮನೆ ಬಿಡುವಾಗ ಬೀರುವಿನ ಒಂದು ಕಾಲು ಮುರಿದಿತ್ತು. ರಾಜರಾಜೇಶ್ವರಿನಗರದ ಮನೆ ಬಿಡುವಾಗ ಅದರ ಕನ್ನಡಿ ಹೋಯಿತು. "ಇನ್ನೊಂದು ಸಲ ಮನೆ ಬದಲಾಯಿಸೋದಾದ್ರೆ ಬೀರು ಜೊತೆ ನೀವೊಬ್ರೇ ಹೋಗಿ, ನಾನು ಅಮ್ಮನ ಮನೆಗೆ ಹೋಗ್ತೀನಿ" ಅಂತ ರಾಗಿಣಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಈ ಮನೆಯಲ್ಲಿ ನೀರಿದೆ, ಗಾಳಿ ಇದೆ, ಮೆಟ್ರೋಗೆ ನಡೆದು ಹೋಗಬಹುದು, ಬಾಡಿಗೆ ಹೊರಗೆ ಹೇಳಿದರೆ ಜನ ನಂಬುವುದಿಲ್ಲ. ಇಂಥ ಮನೆಯ ಯಜಮಾನರ ವಿಷಯದಲ್ಲೇ ಅವನು ತೀರ್ಪು ಹೇಳಬೇಕು!

ಸಭೆ ಮುಗಿದದ್ದೇ ಶಂಭುಲಿಂಗಪ್ಪ ಅವನ ಹೆಗಲ ಮೇಲೆ ಕೈ ಹಾಕಿ ನೇರ ಮನೆಗೇ ಕರೆದುಕೊಂಡು ಹೋದರು. ಮಿರ್ಚಿ ಮಂಡಕ್ಕಿ ಬಂತು.

"ನೋಡ್ರಿ ಮುರಳಿ, ಆವಾಗ ಇಲ್ಲಿ ಏನಿತ್ತು? ಬರೀ ರಾಗಿ ಹೊಲ. ಮೈಸೂರು ರೋಡಿನಾಗ ಬಸ್ಸು ಇಳಿದು, ಪ್ಯಾಂಟು ಮಡಚಿ, ಕೆಸರಾಗ ನಡ್ಕೊಂಡು ಬರಬೇಕು. ಲೈಟಿಲ್ಲ, ನೀರಿಲ್ಲ. ಆಷಾಢ ಹುಟ್ಟೋಕ ಮೊದ್ಲು ಉಳಿದಿದ್ದದ್ದು ಒಂದೇ ಮುಹೂರ್ತ. ಹಂಗಾಗಿ ಮನಿ ಕಟ್ಟಿದೋರೆಲ್ಲ ಒಂದೇ ಬೆಳಗಿನ ಜಾವ ಗೃಹಪ್ರವೇಶ ಇಟ್ಕೊಂಡ್ರು. ಆದರ ಹಸು ಇದ್ದದ್ದು ಒಂದೇ! ಹಿಂದಿನ ಹಳ್ಳಿ ಅಂಜನಮ್ಮನ ಗೌರಿ. ಮೊದಲು ಹಸು ಒಳಗ ಬರಬೇಕು, ಆಮ್ಯಾಲೆ ಹಾಲು ಉಕ್ಕಿಸಬೇಕು. ಅಂದ್ರ ಹಸು ಯಾರ ಮನಿಗೆ ಮೊದಲು ಬಂತೋ ಅವರ ಮನೀನ ಮೊದಲು. ಹೌದಿಲ್ಲೋ?"

"ಹೌದು ಸಾರ್."

"ಹಸು ನಮ್ಮನಿ ಹಾಲಿನಾಗ ಬಂದು ಸೆಗಣಿ ಹಾಕ್ತು ನೋಡ್ರಿ! ರಾತ್ರಿ ತಿಂದದ್ದನ್ನ ಹಸು ಬೆಳಗ್ಗೆ ಎದ್ದ ಕೂಡ್ಲೇ ಹಾಕ್ತತಿ. ಇದಕ್ಕಿಂತ ಸಾಕ್ಷಿ ಬೇಕೇನು?"

ಮುರಳಿ ಮಂಡಕ್ಕಿ ಅಗಿಯುತ್ತಾ ಇದನ್ನು ತೂಗಿ ನೋಡಿದ. ಬೇರೆ ಮನೆಗಳಲ್ಲಿ ಹೊಟ್ಟೆ ತುಂಬ ತಿಂದು ಬಂದಿದ್ದರೂ ಹಸು ಅದನ್ನೇ ಮಾಡುತ್ತದಲ್ಲ ಅಂತ ಅನುಮಾನ ಬಂತು. ಇನ್ನೊಂದು ಮಿರ್ಚಿ ಕಚ್ಚಿದ.

ಶಂಭುಲಿಂಗಪ್ಪ ಗೋಡೆಯನ್ನು ಪ್ರೀತಿಯಿಂದ ತಟ್ಟಿದರು. ಒಂದು ಹಿಡಿ ಸುಣ್ಣ ಉದುರಿತು. "ವಾರಕ್ಕೊಬ್ಬ ಬಿಲ್ಡರ್ ಬಂದು ಬಾಗಿಲು ತಟ್ತಾನ. ನಾನು ಒಳಗ ಬಿಟ್ಕೊಳ್ಳೋದಿಲ್ಲ. ಲೇಔಟಿನ ಮೊದಲ ಮನಿ ಅನ್ನೋ ಅಭಿಮಾನ. ಅದಕ್ಕ ನೀವೂ ಮ್ಯಾಲೆ ಆರಾಮ ಇದ್ದೀರಿ. ಆರಾಮ ಇರ್ರಿ. ಆದರ ಹೆಸರು ಬರಸೋವಾಗ ಸ್ವಲ್ಪ ವಿಚಾರ ಮಾಡ್ರಿ."

ಮಿರ್ಚಿಯ ಖಾರ ಆಗ ನೆತ್ತಿಗೇರಿತು.

ಗೇಟು ದಾಟಿದ ಮೇಲೆ ಹಿಂದೆ ಯಾರೋ ಬರುತ್ತಿರುವ ಹಾಗನ್ನಿಸಿ ತಿರುಗಿ ನೋಡಿದ. ಶಂಭುಲಿಂಗಪ್ಪನವರ ಅಳಿಯ ಕೊಟ್ರೇಶ ಸ್ಕೂಟರ್ ಆಫ್ ಮಾಡಿಕೊಂಡು ಕಾಲಲ್ಲಿ ತಳ್ಳುತ್ತಾ ಬರುತ್ತಿದ್ದ. "ಪೆಟ್ರೋಲ್ ಉಳಿಸ್ತಾ ಇದೀನಿ ಸಾರ್" ಅಂದ. ಕೈಯಲ್ಲಿ ಮೊಬೈಲಿನ ಕ್ಯಾಮೆರಾ ಆನ್ ಆಗಿತ್ತು.

ಗೋಪೀನಾಥರಾಯರ ಮನೆಯಲ್ಲಿ ಎಲೆಯೇ ಹಾಕಿಬಿಟ್ಟಿದ್ದರು.

"ಶಂಭುಲಿಂಗಪ್ಪನ ಮನೇಲಿ ಏನು ಕೊಟ್ರು?" ಅಂತ ರಾಯರ ಹೆಂಡತಿ ಪುಟ್ಟಲಕ್ಷ್ಮಿ ಮೊದಲು ಕೇಳಿದ್ದು ಅದನ್ನೇ. ಮಂಡಕ್ಕಿ ಅಂದ ಕೂಡಲೇ ಅವರ ಮುಖ ಅರಳಿತು. "ಅಷ್ಟೇನಾ? ನಮ್ಮಲ್ಲಿ ಗಸಗಸೆ ಪಾಯಸ ಮಾಡಿದೀನಿ. ಕೂತ್ಕೊಳ್ಳಿ."

"ಸೆಗಣಿ ಸಾಕ್ಷಿ ಅಂದ್ನಾ?" ರಾಯರು ನಕ್ಕರು. "ಮುರಳಿ, ನೀವು ಓದಿದವರು, ಯೋಚನೆ ಮಾಡಿ. ಗೌರಿ ನಮ್ಮನೆಗೆ ಬಂದಾಗ ಬಾಳೆಹಣ್ಣಿನ ಚಿಪ್ಪನ್ನ ಸಿಪ್ಪೆ ಸಮೇತ ತಿಂದಳು. ಪುರೋಹಿತರ ಶಲ್ಯದ ಅಂಚನ್ನೂ ಬಿಡಲಿಲ್ಲ. ಹಸಿದ ಹಸು ಮಾತ್ರ ಹಾಗೆ ತಿನ್ನುತ್ತೆ. ಹಸಿದಿತ್ತು ಅಂದ್ರೆ ಬೇರೆ ಯಾರ ಮನೆಗೂ ಹೋಗಿರಲಿಲ್ಲ ಅಂತ ತಾನೇ? ಸಾಕ್ಷಾತ್ ಅಂಜನಮ್ಮನೇ ಬಾಯಿಬಿಟ್ಟು ಹೇಳಿದಳು, ನಿಮ್ಮದೇ ಮೊದಲು ಸ್ವಾಮಿ ಅಂತ."

ಇದು ತರ್ಕಬದ್ಧವಾಗಿತ್ತು. ಪಾಯಸವೂ ಗಟ್ಟಿಯಾಗಿತ್ತು. ರಾಯರು ಹತ್ತಿರ ಬಂದು ದನಿ ತಗ್ಗಿಸಿದರು. "ನಮ್ಮ ಮಹಡಿ ಖಾಲಿ ಇದೆ. ನಿಜ ಹೇಳಿದ್ದಕ್ಕೆ ನಿಮ್ಮ ಓನರ್ ಏನಾದ್ರೂ ತಕರಾರು ಮಾಡಿದ್ರೆ, ಸಂಕೋಚ ಮಾಡ್ಕೋಬೇಡಿ."

ಮುರಳಿಗೆ ಒಂದು ಕ್ಷಣ ಧೈರ್ಯ ಬಂತು, ಮರುಕ್ಷಣ ನಿದ್ದೆ ಬಂತು. ಗಸಗಸೆ ಪಾಯಸ ಎರಡು ಲೋಟ ಕುಡಿದವನ ಗತಿ ನಿಮಗೆ ಗೊತ್ತೇ ಇದೆ. ಸೋಫಾಕ್ಕೆ ಒರಗಿದ್ದಷ್ಟೇ ನೆನಪು. ಎದ್ದಾಗ ಮೊಬೈಲು ಕಣಜದ ಹಾಗೆ ಗುಂಯ್‌ಗುಡುತ್ತಿತ್ತು. ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಅವನು ಬಾಯಿ ತೆರೆದು ಮಲಗಿರುವ ಫೋಟೋ. ಕಿಟಕಿಯ ಆಚೆಯಿಂದ ತೆಗೆದದ್ದು. ಕೆಳಗೆ ಕೊಟ್ರೇಶ ಬರೆದಿದ್ದ: 'ತೀರ್ಪುಗಾರರು ಗೋಪೀನಾಥರಾಯರ ಮನೆಯಲ್ಲಿ ಗಾಢ ವಿಚಾರಣೆಯಲ್ಲಿರುವುದು.'

ಅದರ ಕೆಳಗೆ ಜಾತ್ರೆಯೇ ನೆರೆದಿತ್ತು. ಒಬ್ಬರು 'ಎಷ್ಟಕ್ಕೆ ಬಿದ್ರಂತೆ?' ಅಂದಿದ್ದರು. ಇನ್ನೊಬ್ಬರು 'ಪಾಯಸಕ್ಕೆ' ಅಂದಿದ್ದರು. ಅದಕ್ಕೆ ಪುಟ್ಟಲಕ್ಷ್ಮಿ ಮಿರ್ಚಿ ಮಂಡಕ್ಕಿಯ ಚಿತ್ರ ಹಾಕಿ ಒಂದು ಪ್ರಶ್ನೆಚಿಹ್ನೆ ಇಟ್ಟಿದ್ದರು. ಕೊನೆಗೆ ರಾಗಿಣಿಯದು, ಬೇರೆಯಾಗಿ, ಅವನೊಬ್ಬನಿಗೇ: 'ಕೆಳಗಡೆ ಓನರ್ ಅಂಕಲ್ ಬಾಗಿಲು ಧಡಾರ್ ಅಂತ ಹಾಕ್ಕೊಂಡ್ರು. ಏನ್ ಮಾಡಿದ್ರಿ?'

ಮುರಳಿ ಅಲ್ಲಿಂದ ಓಡಿದ. ನ್ಯಾಯ ಕೇಳೋಣ ಅಂತ ಕಲ್ಯಾಣಮ್ಮನವರ ಮನೆಗೆ ಹೋದ. ಅವರು ಬಾಗಿಲು ಮುಚ್ಚಿ, ಪರದೆ ಎಳೆದು, ಶೇಂಗಾ ಹೋಳಿಗೆ ಮುಂದಿಟ್ಟರು.

"ಮೇಡಂ, ನನಗೆ ಇದು ಬೇಡ. ಇಬ್ಬರಲ್ಲಿ ಯಾರು ಮೊದಲು ಅಂತ ನೀವೇ ಹೇಳ್ಬಿಡಿ."

"ನಾನು ಅಧ್ಯಕ್ಷೆ. ನಾನು ಹೇಳಬಾರ್ದು. ಇಬ್ಬರೂ ಅಲ್ಲ ಅಂತ ಮಾತ್ರ ಹೇಳಬಲ್ಲೆ." ಕಲ್ಯಾಣಮ್ಮ ಗಂಭೀರವಾಗಿ ಅಂದರು. "ಗೌರಿ ಮೊದಲು ಬಂದದ್ದು ನಮ್ಮನೆಗೆ. ಹೊಸಲು ದಾಟೋವಾಗ ಅವಳ ಕಾಲಿಗೆ ಒಂಚೂರೂ ಅರಿಶಿನ ಕುಂಕುಮ ಇರಲಿಲ್ಲ. ಬೇರೆ ಮನೇಲಿ ಪೂಜೆ ಮಾಡಿಸ್ಕೊಂಡು ಬಂದಿದ್ರೆ ಇರ್ತಿತ್ತೋ ಇಲ್ವೋ? ಅಂಜನಮ್ಮನೂ ಹಾಗೇ ಹೇಳಿದ್ಲು. ನಾನು ಹೇಳ್ದೆ ಅಂತ ಬರೀಬೇಡಿ. ನೀವೇ ಕಂಡುಹಿಡಿದ ಹಾಗೆ ಬರೀರಿ."

ಈಗ ಮುರಳಿಗೆ ಲೇಔಟಿನ ಪ್ರತಿಯೊಂದು ಗೇಟಿನ ಮೇಲೂ ಅನುಮಾನ ಶುರುವಾಯಿತು. ದಾರಿಯಲ್ಲಿ ಯಾರೋ ನಮಸ್ಕಾರ ಅಂದರೆ, ಇವರದೂ ಮೊದಲ ಮನೆ ಇರಬೇಕು ಅಂತ ತಲೆ ತಗ್ಗಿಸಿ ನಡೆದ. ಒಬ್ಬಳು ಸಿಕ್ಕರೆ ಎಲ್ಲ ಬಗೆಹರಿಯುತ್ತದೆ. ಹಸುವಿನ ಹಗ್ಗ ಹಿಡಿದಿದ್ದ ಅಂಜನಮ್ಮ.

ಲೇಔಟಿನ ಹಿಂದುಗಡೆ ಹಳೇ ಹಳ್ಳಿಯ ಒಂದು ಬೀದಿ ಉಳಿದುಕೊಂಡಿದೆ. ಹಿಂದೆ ಅಂಜನಮ್ಮನ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ, ಗೋಡೆಗೆ ಗಿಳಿಹಸಿರು ಬಣ್ಣ. ಗೇಟಿಗೆ 'ಒಂದು ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು. ಅಂಜನಮ್ಮ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ಹಸುವಿನ ಕೊಂಬಿಗೆ ಎಣ್ಣೆ ಸವರುತ್ತಿದ್ದಳು.

"ಇವ್ಳು ಗೌರಿ ಮೊಮ್ಮಗಳು ಸಾಮಿ. ಈಗ್ಲೂ ಗೃಹಪ್ರವೇಶಕ್ಕೆ ಇವ್ಳೇ. ಅಪಾರ್ಟ್‌ಮೆಂಟ್‌ಗೆಲ್ಲ ಲಿಫ್ಟಲ್ಲೇ ಓಯ್ತಾಳೆ. ಬಟನ್ ಒತ್ತೋದೊಂದು ಬರಾಕಿಲ್ಲ ಅಷ್ಟೇ."

ಮುರಳಿ ಬಂದ ವಿಷಯ ಹೇಳಿದ. ಅಂಜನಮ್ಮ ನಕ್ಕ ನಗೆಗೆ ಹಸು ಎರಡು ಹೆಜ್ಜೆ ಹಿಂದೆ ಸರಿಯಿತು.

"ಅಯ್ಯೋ ಬುಡಿ ಸಾಮಿ! ಎಲ್ರಿಗೂ ನಿಮ್ದೇ ಮೊದ್ಲು ಅಂತ್ಲೇ ಏಳಿದ್ದು ನಾನು."

"ಎಲ್ಲರಿಗೂನಾ?"

"ಇನ್ನೇನು ಮತ್ತೆ? ಮೊದ್ಲು ನಿಮ್ಮನೆ ಅಂದ್ರೆ ಸೀರೆ ಕೊಡೋರು, ಕುಬ್ಸ ಕೊಡೋರು. ಮೂರ್ನೇದು ಅಂದ್ರೆ ಬರೀ ತೆಂಗಿನ್‌ಕಾಯಿ. ಒಂದೊಂದು ಮನೆ ಆದ್ಮೇಲೂ ಗೌರಿ ಕಾಲು ತೊಳ್ದು, ಹಣೆ ಒರೆಸಿ, ಹೊಸ ಮದ್ಲಗಿತ್ತಿ ಥರ ಕರ್ಕೊಂಡೋಗ್ತಿದ್ದೆ. ಲೈಟ್ ಕಂಬ ಇರ್ಲಿಲ್ಲ, ಮನೆಗೂ ಮನೆಗೂ ಮಧ್ಯ ರಾಗಿ ಹೊಲ. ಯಾರಿಗೆ ಕಾಣ್ಬೇಕು?"

"ಆದ್ರೂ ನಿಜವಾಗಿ ಯಾವ ಮನೆ ಮೊದಲು? ನೆನಪಿರಬೇಕಲ್ಲ?"

"ಆ ಕತ್ಲಲ್ಲಿ ಮನೆ ಯಾರು ನೋಡಿದ್ರು? ಎಲ್ಲಿ ದೀಪ ಕಾಣ್ತೋ ಅಲ್ಲಿಗೆ ನುಗ್ಗಿಸ್ದೆ. ಅದಿರ್ಲಿ, ಈಗ ಯಾರ್ದು ಬರೀಬೇಕು ಅಂತಿದೀರಿ? ಏಳಿ, ಬಂದು ಅವ್ರದೇ ಮೊದ್ಲು ಅಂತ ಸಾಕ್ಷಿ ಏಳ್ತೀನಿ. ನಂಗೇನ್ ಕಷ್ಟ?"

ಮುರಳಿ ಹಣೆ ಹಣೆ ಚಚ್ಚಿಕೊಂಡ. ಪಾರ್ಕಿಗೆ ಬಂದಾಗ ಮುನಿರಾಮಯ್ಯ ಸಿಡಿಮಿಡಿಗುಟ್ಟುತ್ತಿದ್ದ. "ಬೇಗ ಹೇಳಿ ಸಾರ್, ಬೆಳಕು ಹೋಗ್ತದೆ. ಇರೋ ಜಾಗದಲ್ಲಿ ಆ ಶಂಭುಲಿಂಗಪ್ಪ ಅನ್ನೋ ಹೆಸರು ಹಿಡಿಯಲ್ಲ. ಈಗ್ಲೇ ಹೇಳಿದೀನಿ."

ಶಂಭುಲಿಂಗಪ್ಪ ಅಂದರೆ, ಬಾಡಿಗೆ ಮನೆಯ ಆಸೆಗೆ ಓನರಿಗೆ ಬಾಲ ಅಲ್ಲಾಡಿಸಿದ ಅಂತ ಊರೆಲ್ಲ ಉಗಿಯುತ್ತದೆ. ರಾಯರು ಅಂದರೆ ಗಂಟು ಮೂಟೆ ಕಟ್ಟಬೇಕು. ಕಲ್ಯಾಣಮ್ಮ ಅಂದರೆ ಇಬ್ಬರೂ ಸೇರಿ ಕಟ್ಟಿಸುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದವನಿಗೆ ತಟ್ಟನೆ ಹೊಳೆಯಿತು. ಎಲ್ಲರ ಮನೆಯನ್ನೂ ಎಲ್ಲರಿಗಿಂತ ಮೊದಲು ಹೊಕ್ಕವಳು ಒಬ್ಬಳಿದ್ದಾಳಲ್ಲ!

"ಗೌರಿ ಅಂತ ಕೆತ್ತಿ."

"ಎರಡೇ ಅಕ್ಷರಾನಾ?" ಮುನಿರಾಮಯ್ಯ ಉಳಿ ಎತ್ತಿಕೊಂಡ. "ನೀವು ನೂರು ವರ್ಷ ಬಾಳಿ ಸಾರ್."

ಸಾಯಂಕಾಲ ಶಾಮಿಯಾನ ಕಿಕ್ಕಿರಿದಿತ್ತು. ಮೂರೂ ಮನೆಯವರು ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದರು. ಕಲ್ಯಾಣಮ್ಮ ಪರದೆ ಸರಿಸಿದರು. 'ಈ ಬಡಾವಣೆಯ ಮೊದಲ ಗೃಹಪ್ರವೇಶ: ಗೌರಿ.' ಅದೇ ಹೊತ್ತಿಗೆ ಮುರಳಿ ಮೊದಲೇ ಹೇಳಿಟ್ಟಿದ್ದ ಹಾಗೆ ಅಂಜನಮ್ಮ ಗೌರಿಯ ಮೊಮ್ಮಗಳಿಗೆ ಚೆಂಡುಹೂವಿನ ಹಾರ ಹಾಕಿ ನಡೆಸಿಕೊಂಡು ಬಂದಳು.

ಗೋಮಾತೆಯ ಹೆಸರು ಅಳಿಸಿ ನಮ್ಮ ಹೆಸರು ಹಾಕಿ ಅಂತ ಹೇಳೋದಕ್ಕೆ ಯಾರಿಗೆ ಎದೆಗಾರಿಕೆ ಇದೆ? ಪುಟ್ಟಲಕ್ಷ್ಮಿ ಮೊದಲು ಕೈ ಮುಗಿದರು. ಶಂಭುಲಿಂಗಪ್ಪ ಟೋಪಿ ತೆಗೆದರು. ಗೋಪೀನಾಥರಾಯರ ಕಣ್ಣಲ್ಲಿ ನೀರೇ ಬಂತು. ಚಪ್ಪಾಳೆ ಬಿದ್ದದ್ದು ಮೈಸೂರು ರೋಡಿನವರೆಗೆ ಕೇಳಿಸಿರಬೇಕು. ಮುರಳಿ ಆ ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಒಂದು ಬೋಂಡ ಬಾಯಿಗಿಟ್ಟ.

ಶಂಭುಲಿಂಗಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಮುರಳಿ, ನನ್ನ ತಲೀ ಮ್ಯಾಲಿನ ದೊಡ್ಡ ಭಾರ ಇಳಿಸಿದ್ರಿ ನೋಡ್ರಿ."

"ಅಯ್ಯೋ, ನಂದೇನಿದೆ ಸಾರ್."

"ಹಂಗಲ್ಲ. ಇಷ್ಟು ದಿನ ಮೊದಲ ಮನಿ, ಮೊದಲ ಮನಿ ಅಂತ ಆ ಸೋರೋ ಮನೀನ ತಬ್ಕೊಂಡು ಕೂತಿದ್ದೆ. ಈಗ ಕಲ್ಲಿನ ಮ್ಯಾಲೇ ಬರದಾತು, ಮೊದಲು ಯಾರೂ ಅಲ್ಲ, ಹಸು ಅಂತ. ಇನ್ಯಾಕ ಹಳೇ ಮನಿ? ಬಿಲ್ಡರ್‌ಗೆ ಈಗ ಫೋನ್ ಮಾಡಿದೆ. ಕೆಡವಿ ಹೊಸಾದು ಕಟ್ಟಿಸ್ತೀನಿ. ಹೊಸಾ ಮನಿಗೆ ಗೌರಿ ಮೊಮ್ಮಗಳು ಮೊದಲು ಬರೋದನ್ನ ಸಿಸಿ ಕ್ಯಾಮೆರಾದಾಗ ಹಿಡೀತೀನಿ! ಆಮ್ಯಾಲೆ ಆ ಮೇಷ್ಟ್ರು ಏನಂತಾರೋ ನೋಡೋಣ. ನೀವು ಬ್ಯಾರೆ ಮನಿ ನೋಡ್ಕೊಳ್ರಿ. ಏನ್ ಅವಸರ ಇಲ್ಲ, ಈ ತಿಂಗಳು ಪೂರ್ತಿ ಇರ್ರಿ."

ಮುರಳಿ ಎದ್ದೆನೋ ಬಿದ್ದೆನೋ ಅಂತ ಗೋಪೀನಾಥರಾಯರ ಹತ್ತಿರ ಓಡಿದ. "ಸಾರ್, ನಿಮ್ಮ ಮಹಡಿ ಖಾಲಿ ಇದೆ ಅಂದಿದ್ರಲ್ಲ? ನಮ್ಮ ಓನರ್ ಮನೆ ಕೆಡವ್ತಾರಂತೆ ಸಾರ್!"

"ಏನಂದ್ರಿ?" ರಾಯರ ಕೋಲು ಮೇಲಕ್ಕೆ ಹೋಯಿತು. "ಕೆಡವಿ ಹೊಸ ಮನೆ ಕಟ್ತಾನಂತಾ? ಹೊಸ ಗೃಹಪ್ರವೇಶದಲ್ಲಾದ್ರೂ ತಾನೇ ಮೊದಲು ಅನ್ನಿಸ್ಕೊಳ್ಳೋ ಹುನ್ನಾರ! ನನಗೆ ಬೆಳಗ್ಗೆಯೇ ಅನುಮಾನ ಇತ್ತು. ಲಕ್ಷ್ಮೀ! ಇಂಜಿನಿಯರಿಗೆ ಫೋನ್ ಮಾಡು! ನಾಳೆಯಿಂದಲೇ ನಮ್ಮನೆ ಕೆಡವೋಕೆ ಶುರು ಮಾಡಿಸು!"

"ಸಾರ್, ಮಹಡಿ..."

"ಮಹಡಿಯಿಂದಲೇ ಶುರು ಮಾಡ್ಬೇಕಲ್ರೀ, ಕೆಳಗಿಂದ ಕೆಡವೋಕಾಗುತ್ತಾ?"

ಮನೆಗೆ ಬಂದು ಹೇಳಿದರೆ ರಾಗಿಣಿ ಎಲ್ಲ ಕೇಳಿಸಿಕೊಂಡು ಕೂಗಾಡಲಿಲ್ಲ. ಅದಕ್ಕೇ ಮುರಳಿಗೆ ಹೆಚ್ಚು ಭಯವಾದದ್ದು. ಎದ್ದು ಬೀರುವಿನ ಹತ್ತಿರ ಹೋಗಿ ಅದರ ಉಳಿದ ಮೂರು ಕಾಲನ್ನು ಒಂದು ಸಲ ಮುಟ್ಟಿ ನೋಡಿದಳು. "ಎಲ್ಲಾ ಒಂದು ಪ್ಲೇಟ್ ಚೌಚೌಭಾತಿಗೆ" ಅಂದಳು.

"ತಡಿ, ತಡಿ" ಅಂದ ಮುರಳಿ. "ಅಂಜನಮ್ಮನ ಬಿಲ್ಡಿಂಗಲ್ಲಿ ಒಂದು ಮನೆ ಖಾಲಿ ಇದೆ. ಮಧ್ಯಾಹ್ನ ಬೋರ್ಡ್ ನೋಡಿದೀನಿ. ಬಾ, ಯಾರಾದ್ರೂ ಹಿಡಿಯೋಕೆ ಮುಂಚೆ ಹೋಗೋಣ."

ಇಬ್ಬರೂ ಹೆಚ್ಚುಕಡಿಮೆ ಓಡಿಕೊಂಡೇ ಹೋದರು. ಅಂಜನಮ್ಮ ಗೇಟಿನಲ್ಲೇ ನಿಂತು ಹಸುವಿನ ಕೊರಳಿನ ಹಾರ ಬಿಚ್ಚುತ್ತಿದ್ದಳು. ವಿಷಯ ಕೇಳಿ ಮುಖವೆಲ್ಲ ನಗುವಾಗಿ ಅಂದಳು: "ಐತೆ ಸಾಮಿ, ಮನೆ ಐತೆ. ಕೇಳ್ಕೊಂಡ್ ಬಂದೋರಲ್ಲಿ ನೀವೇ ಮೊದ್ಲು."

ರಾಗಿಣಿ ಉಸ್ಸಪ್ಪಾ ಅಂತ ಉಸಿರು ಬಿಟ್ಟಳು. ಮುರಳಿ ಮಾತ್ರ ನಿಂತಲ್ಲೇ ನಿಂತ. ಆ ಮಾತನ್ನು ಅವನು ಎಲ್ಲೋ ಕೇಳಿದ್ದ. ಮೆಲ್ಲಗೆ ಕತ್ತು ಉದ್ದ ಮಾಡಿ ಅಂಗಳದೊಳಗೆ ನೋಡಿದ.

ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಶಂಭುಲಿಂಗಪ್ಪ, ಇನ್ನೊಂದರಲ್ಲಿ ಗೋಪೀನಾಥರಾಯರು. ಮನೆ ಕೆಡವಿ ಕಟ್ಟುವ ತನಕ ಅವರಿಗೂ ಹತ್ತಿರದಲ್ಲೇ ಒಂದು ಬಾಡಿಗೆ ಮನೆ ಬೇಕಲ್ಲ!

"ನಾನ್ರೀ ಮೊದಲು ಬಂದದ್ದು! ಅಂಜನಮ್ಮನೇ ಹೇಳ್ಯಾಳ!"

"ನನಗೂ ಅವಳೇ ಹೇಳಿದ್ದು! ನಾನು ಬಂದಾಗ ಈ ಕುರ್ಚಿ ಇನ್ನೂ ತಣ್ಣಗಿತ್ತು!"

ಅಷ್ಟರಲ್ಲಿ ಶಂಭುಲಿಂಗಪ್ಪನವರ ಕಣ್ಣು ಗೇಟಿನ ಕಡೆ ತಿರುಗಿತು.

"ಬಂದ್ರು ನೋಡ್ರಿ, ಮುರಳಿ! ಸರಿಯಾದ ಹೊತ್ತಿಗೆ ಬಂದ್ರಿ. ಬರ್ರಿ ಒಳಗ, ನಮ್ಮಿಬ್ಬರಾಗ ಈ ಮನಿ ಯಾರಿಗೆ ಸೇರಬೇಕು, ನೀವ ತೀರ್ಪು ಹೇಳ್ರಿ."

"ಹೌದು, ಮುರಳಿ ಹೇಳಲಿ" ಅಂತ ರಾಯರೂ ಕೋಲು ಕೆಳಗಿಳಿಸಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲಿರಬೇಕು. "ಅವರಿಗೆ ಪಕ್ಷಪಾತ ಇಲ್ಲ. ಅವರಿಗಂತೂ ಈಗ ಎಲ್ಲೂ ಮನೆಯೇ ಇಲ್ಲ."